ಅರ್ಧ ಉಳಿಸು

ಇವತ್ತು ತಡವಾಯಿತು.
ಮಂಡ್ಯದ ಆರೂವರೆ ಪ್ಯಾಸೆಂಜರ್ ತಪ್ಪಿ
ಬಸ್ಸಿನಲ್ಲಿ ನಿಂತೇ ಬಂದು, ಗಂಗೋತ್ರಿಯ ಏರು ಹತ್ತಿ
ಕೈಗೆ ಸ್ಪಿರಿಟ್ ಒರೆಸಿಕೊಂಡು ಬಾಗಿಲು ತೆಗೆದರೆ
ಮೂವತ್ತೇಳು ಡಿಗ್ರಿ:
ಬಾಣಂತಿ ಕೋಣೆಯ ಹಬೆ ಮುಖಕ್ಕೆ.

ಇಪ್ಪತ್ತನಾಲ್ಕು ಗುಂಡಿಯ ತಟ್ಟೆ, ಪಡ್ಡಿನ ಹೆಂಚಿನ ಹಾಗೆ.
ಒಂದೊಂದು ಗುಂಡಿಯಲ್ಲೂ ಇಲಿಮರಿಯ ಮೆದುಳಿನ ಚೂರು,
ಕೋಶ ಕೋಶವಾಗಿ ಬಿಡಿಸಿ ಬಿತ್ತಿದ್ದು.
ಮೊದಲ ದಿನ ಚೆಲ್ಲಿದ ಸಾಸಿವೆ.
ಆಮೇಲೆ ಒಂದು ಕಾಳು ಹೆದರುತ್ತ ಎಳೆ ಚಾಚಿತು,
ಪಕ್ಕದ್ದು ಕೈ ಕೊಟ್ಟಿತು.
ಇವತ್ತಿಗೆ ಹದಿನಾರು ದಿನ. ಬದುಕಿವೆ.

ಹಸಿವನ್ನು ಬಣ್ಣ ನೋಡಿ ತಿಳಿಯುತ್ತೇವೆ ಇಲ್ಲಿ.
ಆರತಿ ನೀರಿನದೇ ಲೆಕ್ಕ:
ಅರಿಶಿನಕ್ಕೆ ಸುಣ್ಣ ಸೋಕಿದರೆ ಕೆಂಪು,
ಹುಳಿ ಸೋಕಿದರೆ ಮತ್ತೆ ಹಳದಿ.
ಇವು ಸಕ್ಕರೆ ತಿಂದು ತಿಂದು ಹುಳಿ ಬಿಡುತ್ತವೆ,
ಕೆಂಪು ಕಿತ್ತಳೆಗೆ ತಿರುಗುತ್ತದೆ.
ಹಳದಿಯಾಯಿತೋ,
ಬರಬೇಕಾದವಳು ಬರಲಿಲ್ಲ ಅಂತ.

ಸೇರಿದ ವಾರ ನಾನು ಹಳೆಯದನ್ನೆಲ್ಲ ಎಳೆದು ಚೆಲ್ಲಿದ್ದೆ.
ಹೊಸದು ತುಂಬಿದ್ದೆ: ಸಕ್ಕರೆ, ಉಪ್ಪು, ಜೀವಸತ್ವ,
ತಳ ತಿಕ್ಕಿದ ಬಿಂದಿಗೆಯ ನೀರಿನಷ್ಟು ಚೊಕ್ಕ.
ಮರುದಿನ ಎಳೆಗಳೆಲ್ಲ
ದಾರ ಹರಿದ ಮಣಿಸರ.
ತಸ್ನೀಮಕ್ಕ ಬೈಯಲಿಲ್ಲ.
"ಅರ್ಧ ತೆಗಿ ತೇಜಾವತಿ, ಅರ್ಧ ಉಳಿಸು.
ಅವು ಒಂದಕ್ಕೊಂದು ಮಾಡಿಟ್ಟಿದ್ದು ಹಳೇ ನೀರಲ್ಲಿರತ್ತೆ.
ನಿಮ್ಮನೇಲಿ ಹೆಪ್ಪಿಗೆ ಅಂತ ಒಂದು ಚಮಚ ಮೊಸರು ಉಳಿಸಲ್ವಾ?"

ನರಕೋಶಕ್ಕೆ ಕಣಜವಿಲ್ಲ.
ಸಿಕ್ಕಿದ್ದನ್ನು ಆ ಗಳಿಗೆಗೇ ಉರಿಸಿಬಿಡುತ್ತದೆ.
ಮಗ್ಗುಲಲ್ಲಿ ಒಂದು ಕೋಶ ಇರುತ್ತದೆ, ಸುಮ್ಮನೆ, ಅಗಲವಾಗಿ;
ಹಳಬರು ಅದನ್ನು ಬರೀ ಅಂಟು ಎಂದುಕೊಂಡಿದ್ದರು.
ಅದೇ ಸಕ್ಕರೆ ಮುರಿದು, ಅರೆ ಹಣ್ಣಾದ ಹುಳಿ ಮಾಡಿ
ಇದರ ಬಾಯಿಗಿಡುತ್ತದಂತೆ,
ಹಲ್ಲಿಲ್ಲದ ಮಗುವಿಗೆ ಅಜ್ಜಿ ಅಗಿದು ಕೊಟ್ಟ ತುತ್ತು.

ಅಪ್ಪ ಸಕ್ಕರೆ ಕಾರ್ಖಾನೆಯ ಪ್ಯಾನ್ ಮನೆಯಲ್ಲಿ
ಮೂವತ್ತೊಂದು ವರ್ಷ.
ಗಾಜಿನ ಪಟ್ಟಿಯ ಮೇಲೆ ಪಾಕ ಸವರಿ
ಬಲ್ಬಿಗೆ ಹಿಡಿದು, ಒಂದು ಕಣ್ಣು ಮುಚ್ಚಿ
ಹರಳು ಕೂತಿತೋ ಇಲ್ಲವೋ ಹೇಳುತ್ತಿದ್ದ.
ನಾನು ಸ್ಲೈಡು ಹಿಡಿಯುವುದು ಹಾಗೇ.
ಯಾರೂ ಕಲಿಸಿದ್ದಲ್ಲ.

ಈಗ ಅವನಿಗೇ ಸಕ್ಕರೆ.
ಇವತ್ತು ಸೂಜಿ ಚುಚ್ಚಿಕೊಂಡು ತಿಂಡಿ ಮರೆತ.
ಅವ್ವ ಹಾಲಿಗೆ ಹೋಗಿದ್ದಳು.
ನಾನು ಚಪ್ಪಲಿಗೆ ಕಾಲು ತೂರಿಸುತ್ತಿದ್ದೆ.
"ಯಾರವ್ವ ನೀನು?
ಯಾರ ಮನೆ ಮಗಳು?"
ಅಂಗಿಯೆಲ್ಲ ಬೆವರು. ಕಣ್ಣು ನನ್ನ ಮೇಲಿತ್ತು,
ಅದರ ಹಿಂದೆ ಯಾರೂ ಇರಲಿಲ್ಲ.

ಬೆಲ್ಲ ಜಜ್ಜಿ, ನೀರಿಗೆ ಕಲಸಿ,
ಗುಟುಕು ಗುಟುಕಾಗಿ ಕುಡಿಸಿದೆ.
ಅರ್ಧ ಒಳಗೆ, ಅರ್ಧ ಗಡ್ಡದ ಮೇಲೆ.
ಗಡಿಯಾರ ನೋಡಿಕೊಂಡೆ. ಕೆಲಸದ ಚಾಳಿ.
ನಾಲ್ಕು ನಿಮಿಷ. ಏಳು.
ಎಷ್ಟು ಕೋಟಿ ಎಳೆಗಳು ಆ ಕತ್ತಲಲ್ಲಿ
ಒಂದು ಚೂರು ಸಿಹಿಗೆ ಕಾಯುತ್ತಿದ್ದವೋ.
ಹನ್ನೊಂದು.
"ತೇಜೂ, ಟ್ರೇನ್ ಹೋಯ್ತಲ್ಲವ್ವ!"

ಬೈದೆ. ಇಡ್ಲಿ ತಿನ್ನಿಸಿದೆ.
ಅವನಿಗೆ ನಾಚಿಕೆ; ಮಾತು ಬದಲಿಸಿದ:
"ನಿನ್ನ ಇಲಿ ಮಿದುಳು ಏನ್ ತಿಂತದೆ?"
ಸಕ್ಕರೆ, ಅಂದೆ.
"ಯಾವ ಫ್ಯಾಕ್ಟ್ರೀದು?"

ಕಿತ್ತಳೆಗೆ ತಿರುಗಿದೆ ತಟ್ಟೆ. ಹಳದಿಯಾಗಿಲ್ಲ.
ಪಿಪೆಟ್ಟಿನ ತುದಿ ಗುಂಡಿಯ ಅಂಚಿಗೆ ತಾಗಿಸಿ,
ಉಸಿರು ಹಿಡಿದು, ಮೆಲ್ಲಗೆ ಎಳೆಯುತ್ತೇನೆ.
ಇಪ್ಪತ್ತೊಂದನೆಯ ದಿನ ಇವಕ್ಕೆ ಫಾರ್ಮಲಿನ್ ಹಾಕಿ
ನಾವೇ ನಿಲ್ಲಿಸುತ್ತೇವೆ; ಎಣಿಸಬೇಕಲ್ಲ.
ಅದು ಗುರುವಾರ.
ಇವತ್ತು ಶನಿವಾರ.
ಅರ್ಧ ತೆಗೆದೆ.
ಹೊಸದನ್ನು ಗೋಡೆಗುಂಟ ಇಳಿಬಿಡುತ್ತೇನೆ,
ಮಲಗಿದವರ ತುಟಿಗೆ ಬಿಡುವ ಹಾಗೆ.